ಧಗೆ ಸೆಕೆಯಾಗಿ ತಿರುಗುವ ದಿನ: ಹೈ ಪ್ಲೇನ್ಸ್ ಬೇಸಿಗೆಗೆ ಹೊಸಬರು ಸಜ್ಜಾಗುವ ಬಗೆ

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್, ಅರೋರಾ, ಫೋರ್ಟ್ ಕಾಲಿನ್ಸ್, ಕೊಲರಾಡೊ ಸ್ಪ್ರಿಂಗ್ಸ್‌ಗಳಿಗೆ ಕೆಲಸಕ್ಕೋ ಓದಿಗೋ ಬರುವ ಕನ್ನಡಿಗರು ಹಿಮದ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ, ಬೇಸಿಗೆಯ ಬಗ್ಗೆ ಒಂದನ್ನೂ ಕೇಳುವುದಿಲ್ಲ. ರಾಯಚೂರು, ಕಲಬುರಗಿಗಳ ಬಿಸಿಲನ್ನು ಕಂಡವರಿಗೆ ಇಲ್ಲಿಯದು ಏನು ಮಹಾ ಎಂಬ ಧೈರ್ಯ ಅದು. ಹದಿನೇಳು ವರ್ಷಗಳ ಹಿಂದೆ ಅರೋರಾಕ್ಕೆ ಬಂದಾಗ ನನಗೂ ಆ ಧೈರ್ಯವಿತ್ತು. ಮೊದಲನೆಯ ಜೂನ್ ತಿಂಗಳಲ್ಲೇ ಕಾರಿನ ಬಾನೆಟ್ಟು ಆಲಿಕಲ್ಲಿಗೆ ಇಡ್ಲಿ ತಟ್ಟೆಯಂತೆ ಗುಳಿ ಬಿದ್ದ ಮೇಲೆ ಅದು ಕರಗಿತು.

ರಾಕಿ ಪರ್ವತಗಳ ಬುಡದಲ್ಲಿ ಆರಂಭವಾಗಿ ಕ್ಯಾನ್ಸಸ್, ನೆಬ್ರಾಸ್ಕಾಗಳತ್ತ ನಿಧಾನವಾಗಿ ಇಳಿಯುವ, ದಕ್ಷಿಣದಲ್ಲಿ ಟೆಕ್ಸಸ್‌ನ ಅಮರಿಲ್ಲೊ ಕಡೆಗೂ ಹಬ್ಬಿರುವ, ಹೈ ಪ್ಲೇನ್ಸ್ ಎಂಬ ಈ ಬಯಲು ನೋಡಲು ಸಮತಟ್ಟಾಗಿದ್ದರೂ ತಗ್ಗಿನಲ್ಲಿಲ್ಲ. ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಎಂದರೆ ನಂದಿಬೆಟ್ಟದ ತುದಿಗಿಂತಲೂ ಮೇಲೆ. ಹಾಗೆಂದು ನಂದಿಬೆಟ್ಟದ ತಂಪನ್ನು ನಿರೀಕ್ಷಿಸಬೇಡಿ. ನಗರದ ಗರಿಷ್ಠ ದಾಖಲೆಯಾದ 105 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 40 ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚು, 2005, 2012 ಮತ್ತು 2018ರ ಬೇಸಿಗೆಗಳಲ್ಲಿ ಮತ್ತೆ ಮತ್ತೆ ಮುಟ್ಟಿದೆ. ಅಮರಿಲ್ಲೊದಲ್ಲಿ 2011ರ ಜೂನ್‌ನಲ್ಲಿ 111 ಡಿಗ್ರಿ, ಕೊಲರಾಡೊದ ಆಗ್ನೇಯ ಮೂಲೆಯ ಜಾನ್ ಮಾರ್ಟಿನ್ ಅಣೆಕಟ್ಟಿನಲ್ಲಿ 2019ರ ಜುಲೈನಲ್ಲಿ 115 ಡಿಗ್ರಿ ದಾಖಲಾಗಿದೆ.

ಈ ಬಿಸಿಲಿನ ಗುಣ ಬೇರೆ. ಇದು ಒಣ ಧಗೆ, ಮಂಗಳೂರಿನ ಸೆಕೆಯಲ್ಲ. ಬೆವರು ಹುಟ್ಟಿದಲ್ಲೇ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದಿಲ್ಲ. ಒದ್ದೆಯಾಗದ ಕಾರಣ ಮೈಯಿಂದ ಎಷ್ಟು ನೀರು ಹೋಯಿತೆಂಬುದು ತಲೆನೋವು ಬರುವ ತನಕ ತಿಳಿಯುವುದಿಲ್ಲ. ಊರಿನಿಂದ ಬೇಸಿಗೆಗೆಂದೇ ಬರುವ ತಂದೆತಾಯಿಯರ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಸಂಜೆ ನಾಲ್ಕು ಗಂಟೆಗೆ ವಾಯುವಿಹಾರಕ್ಕೆ ಹೊರಡುವ ಅವರ ಅಭ್ಯಾಸ ಇಲ್ಲಿ ದಿನದ ಅತಿ ಕೆಟ್ಟ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತದೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ. ಎತ್ತರದ ಊರಾದ್ದರಿಂದ ನೇರಳಾತೀತ ಕಿರಣಗಳೂ ಹೆಚ್ಚು. ಪ್ರತಿ 1,000 ಮೀಟರಿಗೆ ಸುಮಾರು ಶೇಕಡಾ 10ರಷ್ಟು ಏರುತ್ತವೆ. ಬೆಳಗಿನ ಆರೂವರೆಯ ನಡಿಗೆಯನ್ನು ರೂಢಿ ಮಾಡಿಸಿ, ಮಜ್ಜಿಗೆಗೆ ಉಪ್ಪು ಹಾಕಿ ಕೊಡಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ ನೀರು, ಉಪ್ಪುಗಳ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಳೆಯ ಬಾಡಿಗೆ ಮನೆಗಳಲ್ಲಿ ಏಸಿಯ ಬದಲು ಸ್ವಾಂಪ್ ಕೂಲರ್ ಇರುವುದುಂಟು. ಒದ್ದೆ ಪ್ಯಾಡಿನ ಮೂಲಕ ಗಾಳಿ ಎಳೆದು ತಣ್ಣಗಾಗಿಸುವ ಈ ಯಂತ್ರ ಧಗೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ನಡೆಯುವಾಗ ಒಂದೆರಡು ಕಿಟಕಿ ತುಸು ತೆರೆದಿರಲೇಬೇಕು. ಗಾಳಿಯಲ್ಲಿ ತೇವ ಏರಿದ ದಿನ ಅದು ಸೋಲುತ್ತದೆ. ಆ ಸೋಲನ್ನು ಗಮನಿಸುವುದೇ ಈ ಬಯಲಿನ ಗುಡುಗನ್ನು ಅರಿಯುವ ಮೊದಲ ಪಾಠ.

ನಮ್ಮ ತಾಯಿ ಬಂದ ವರ್ಷ ಡೆಕ್ಕಿನ ಮೇಲೆ ಹಳೆಯ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದರು. ಬೆಳಗ್ಗೆ ಎಂಟಕ್ಕೆ ಇಟ್ಟದ್ದು ಮಧ್ಯಾಹ್ನ ಒಂದಕ್ಕೆಲ್ಲ ಬಟ್ಟೆ ಬಿಟ್ಟು ಮೇಲೇಳುತ್ತಿತ್ತು. ತಿಪಟೂರಿನಲ್ಲಿ ಎರಡು ದಿನ ಬೇಕೆಂದು ಅವರಿಗೆ ಬಹಳ ಸಂತೋಷ. ಒಂದು ದಿನ ಮಾತ್ರ ಒಂದು ಗಂಟೆಯಾದರೂ ಸಂಡಿಗೆಯ ನಡುಭಾಗ ಬೆರಳಿಗೆ ಅಂಟುತ್ತಿತ್ತು. ಗಾಳಿ ಆಗ್ನೇಯದಿಂದ ಬೀಸುತ್ತಿತ್ತು. "ಇವತ್ತು ನಮ್ಮೂರಿನ ಹಾಗೆ ಹಿತವಾಗಿದೆ" ಎಂದರು. ಮೂರೂವರೆಗೆ ಡೆಕ್ಕಿನ ಮೇಲೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬಿದ್ದು, ಪಂಚೆ ಸಂಡಿಗೆಗಳೆರಡೂ ಅಂಗಳಕ್ಕೆ ಹಾರಿಹೋದವು.

ನಮಗೆ ಊರಿನ ನೆನಪು ತರುವ ಗಾಳಿಯೇ ಇಲ್ಲಿ ಎಚ್ಚರಿಕೆಯ ಗಾಳಿ. ಮೆಕ್ಸಿಕೊ ಕೊಲ್ಲಿಯ ತೇವವನ್ನು ಹೊತ್ತ ಆಗ್ನೇಯ ಮಾರುತ ಇಳಿಜಾರಾದ ಬಯಲನ್ನು ಹತ್ತುತ್ತಾ ಪಶ್ಚಿಮಕ್ಕೆ ಬಂದು ಪರ್ವತಗಳಿಗೆ ಒರಗುತ್ತದೆ. ಬಿಸಿಲಿಗೆ ಕಾದ ಬೆಟ್ಟದ ಇಳಿಜಾರುಗಳ ಮೇಲೆ ನಡುಹಗಲಿನ ಹೊತ್ತಿಗೆ ಮೋಡ ಹುಟ್ಟುತ್ತದೆ. ಮೇಲಿನ ಪದರದ ಪಶ್ಚಿಮ ಗಾಳಿ ಅದನ್ನು ಬಯಲಿಗೆ ತಳ್ಳುತ್ತದೆ, ಅಲ್ಲಿ ತೇವ ಸಿಕ್ಕಿ ಅದು ಬೆಳೆಯುತ್ತದೆ. ಬಿಸಿಗಾಳಿಯ ವಾರದಲ್ಲಿ ಗಾಳಿಯನ್ನು ಕೆಳಕ್ಕೆ ಒತ್ತುವ ಅಧಿಕ ಒತ್ತಡದ ಗುಮ್ಮಟ ನೇರ ತಲೆಯ ಮೇಲಿದ್ದರೆ ಮೋಡ ಮೇಲೇಳದು. ಗುಮ್ಮಟ ಸರಿದು ನಾವು ಅದರ ಅಂಚಿಗೆ ಬಂದ ದಿನ ಸೇರಿಟ್ಟ ಶಾಖವೆಲ್ಲ ಗುಡುಗಾಗಿ ಹೊರಬೀಳುತ್ತದೆ. ಆದ್ದರಿಂದ ಫೋನಿನಲ್ಲಿ ಉಷ್ಣತೆಯ ಅಂಕಿಗಿಂತ ಡ್ಯೂ ಪಾಯಿಂಟ್, ಅಂದರೆ ಗಾಳಿಯಲ್ಲಿ ತೇವ ಎಷ್ಟಿದೆಯೆಂದು ತಿಳಿಸುವ ಇಬ್ಬನಿ ಬಿಂದುವಿನ ಅಂಕಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. 30ರ ಆಸುಪಾಸಿನಲ್ಲಿದ್ದದ್ದು 50 ಡಿಗ್ರಿ ಫ್ಯಾರನ್‌ಹೀಟ್ ದಾಟಿತೆಂದರೆ ಈ ಎತ್ತರದಲ್ಲಿ ಗಟ್ಟಿ ಮಳೆಗೆ ಅಷ್ಟು ಸಾಕು. ತಗ್ಗಿನ ಓಕ್ಲಹೋಮದವರು ಅದನ್ನು ಒಣ ಹವೆಯೆಂದೇ ಕರೆದಾರು.

ಮುನ್ನೋಟಕ್ಕೆ ಓಕ್ಲಹೋಮದ ನಾರ್ಮನ್‌ನಲ್ಲಿರುವ ತೀವ್ರ ಗುಡುಗುಮಳೆಯ ಮುನ್ಸೂಚನೆ ಕೊಡುವ ಸರ್ಕಾರಿ ಕಚೇರಿಯಾದ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರಿನ ನಕ್ಷೆಯನ್ನು ನೋಡಬೇಕು. ಬೇಸಿಗೆಯ ನಮ್ಮ ಗಡಿಯಾರದಂತೆ ಆ ದಿನದ ನಕ್ಷೆ ಬೆಳಗ್ಗೆ 7ಕ್ಕೆ, 10:30ಕ್ಕೆ, ಮಧ್ಯಾಹ್ನ 2ಕ್ಕೆ ಹೊಸದಾಗುತ್ತದೆ. ಮಾರ್ಜಿನಲ್, ಸ್ಲೈಟ್, ಎನ್‌ಹ್ಯಾನ್ಸ್ಡ್, ಮಾಡರೇಟ್, ಹೈ ಎಂದು ಅಪಾಯ ಏರುತ್ತಾ ಹೋಗುವ ಐದು ಮೆಟ್ಟಿಲುಗಳಲ್ಲಿ 1 ಅಥವಾ 2 ಎಂದಿದ್ದರೆ ಹೊಸಬರು ಪುಟ ಮುಚ್ಚುತ್ತಾರೆ. ನನ್ನ ಅನುಭವದಲ್ಲಿ ಅದೇ ತಪ್ಪು. ಆ ಮೆಟ್ಟಿಲುಗಳು ನಿಮ್ಮ ಸುತ್ತಲಿನ 25 ಮೈಲಿಯೊಳಗೆ ಎಲ್ಲಾದರೂ ತೀವ್ರ ಹವೆ ಉಂಟಾಗುವ ಸಂಭವವನ್ನು ಸೂಚಿಸುತ್ತವೆಯೇ ಹೊರತು, ಬಿದ್ದ ಜಾಗದಲ್ಲಿ ಆಲಿಕಲ್ಲು ಸಣ್ಣದಿರುತ್ತದೆಂದು ಹೇಳುವುದಿಲ್ಲ. ಜೊತೆಗೆ ಬೋಲ್ಡರ್, ಪ್ವೆಬ್ಲೊ, ಶೈಯೆನ್, ಗುಡ್‌ಲ್ಯಾಂಡ್‌ಗಳ ಹವಾಮಾನ ಕಚೇರಿಗಳು ಬರೆಯುವ ಮುನ್ಸೂಚನೆಯ ಚರ್ಚೆಯನ್ನು ಓದಿ. ನಕ್ಷೆಯ ಬಣ್ಣದಲ್ಲಿ ಕಾಣದ ಅನುಮಾನಗಳು ಅಲ್ಲಿ ಮುಕ್ತವಾಗಿರುತ್ತವೆ. ಬಿಸಿಲಿಗೆ ಹೀಟ್‌ರಿಸ್ಕ್ ನಕ್ಷೆಯೇ ಹೆಚ್ಚು ಉಪಯುಕ್ತ, ಏಕೆಂದರೆ ಅದು ಆಯಾ ಊರಿಗೆ ಆಯಾ ಕಾಲದಲ್ಲಿ ಈ ಶಾಖ ಎಷ್ಟು ಅಸಹಜ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಉಷ್ಣತೆಗೆ ತೇವವನ್ನೂ ಸೇರಿಸಿ ಲೆಕ್ಕ ಹಾಕುವ ಹೀಟ್ ಇಂಡೆಕ್ಸ್ ಒಣ ಹವೆಯಲ್ಲಿ ಕೆಲವೊಮ್ಮೆ ನಿಜವಾದ ಉಷ್ಣತೆಗಿಂತ ಕಡಿಮೆ ತೋರಿಸಿ ಸುಮ್ಮನೆ ಸಮಾಧಾನ ಹೇಳುತ್ತದೆ.

ಹವಾಮಾನದ ಎಚ್ಚರಿಕೆಗಳಲ್ಲಿ ವಾಚ್ ಎಂದರೆ ಸಾಮಗ್ರಿ ಸಿದ್ಧವಾಗಿದೆ, ವಾರ್ನಿಂಗ್ ಎಂದರೆ ಒಲೆ ಹೊತ್ತಿದೆ. ಒಂದು ಇಂಚಿನ ಆಲಿಕಲ್ಲು ಅಥವಾ ಗಂಟೆಗೆ 58 ಮೈಲಿಯ ಗಾಳಿಯ ಮಟ್ಟಕ್ಕೆ ಗುಡುಗುಮಳೆಯ ವಾರ್ನಿಂಗ್ ಹೊರಡುತ್ತದೆ. ಆದರೆ 2021ರಿಂದೀಚೆಗೆ ಫೋನು ತಾನಾಗಿ ಅರಚುವುದು ಆಲಿಕಲ್ಲು 2.75 ಇಂಚು ಅಥವಾ ಗಾಳಿ 80 ಮೈಲಿ ಮುಟ್ಟುವ ನಿರೀಕ್ಷೆಯಿದ್ದಾಗ ಮಾತ್ರ. ಕಾರಿನ ಗಾಜು ಒಡೆಯಲು ಅಷ್ಟು ದೊಡ್ಡ ಕಲ್ಲು ಬೇಕಿಲ್ಲ. ಪ್ರತ್ಯೇಕ ಆ್ಯಪ್ ಅಥವಾ ಹವಾಮಾನ ರೇಡಿಯೊ ಇಟ್ಟುಕೊಳ್ಳಬೇಕಾಗುತ್ತದೆ.

ಕೊಲರಾಡೊ, ವಯೋಮಿಂಗ್, ನೆಬ್ರಾಸ್ಕಾಗಳು ಕೂಡುವ ಮೂಲೆಗೆ ಹೇಲ್ ಆ್ಯಲಿ ಎಂದೇ ಹೆಸರು; ಅಲ್ಲಿ ವರ್ಷಕ್ಕೆ ಸರಾಸರಿ ಏಳರಿಂದ ಒಂಬತ್ತು ದಿನ ಆಲಿಕಲ್ಲು ಬೀಳುತ್ತದೆ. ನೆಲವೇ ಎತ್ತರದಲ್ಲಿರುವುದರಿಂದ ಹೆಪ್ಪುಗಟ್ಟುವ ಮಟ್ಟ ತಲೆಗೆ ಹತ್ತಿರ, ಕಲ್ಲಿಗೆ ದಾರಿಯಲ್ಲಿ ಕರಗಲು ಪುರಸೊತ್ತಿಲ್ಲ. 2017ರ ಮೇ 8ರಂದು ಡೆನ್ವರಿನ ಪಶ್ಚಿಮ ಭಾಗದಲ್ಲಿ ಸುರಿದ ಆಲಿಕಲ್ಲಿನಿಂದ ಸುಮಾರು 230 ಕೋಟಿ ಡಾಲರ್ ವಿಮಾ ನಷ್ಟವಾಯಿತು; ಲೇಕ್‌ವುಡ್‌ನ ದೊಡ್ಡ ಮಾಲೊಂದು ತಿಂಗಳುಗಟ್ಟಲೆ ಮುಚ್ಚಿತ್ತು. ಹಳೆಯ ಕಾರಿಗೆ ಲಯಬಿಲಿಟಿ, ಅಂದರೆ ಎದುರಿನವರ ನಷ್ಟ ತುಂಬುವ ವಿಮೆ, ಒಂದೇ ಸಾಕೆಂದು ಹಣ ಉಳಿಸುವವರು ನೆನಪಿಡಬೇಕಾದದ್ದು, ಆಲಿಕಲ್ಲಿನ ನಷ್ಟ ವಿಮೆಯ ಕಾಂಪ್ರಿಹೆನ್ಸಿವ್ ಭಾಗದಲ್ಲಿ ಮಾತ್ರ ಸಿಗುತ್ತದೆ. ಮನೆಯ ವಿಮೆಯಲ್ಲಿ ಆಲಿಕಲ್ಲಿನ ಡಿಡಕ್ಟಿಬಲ್, ಅಂದರೆ ನಾವೇ ಭರಿಸಬೇಕಾದ ಪಾಲು, ಬಹಳ ಸಲ ನಿಗದಿತ ಮೊತ್ತವಲ್ಲ, ಮನೆಯ ವಿಮಾ ಮೌಲ್ಯದ ಶೇಕಡಾ ಒಂದೋ ಎರಡೋ. 5 ಲಕ್ಷ ಡಾಲರಿನ ಮನೆಗೆ ಶೇಕಡಾ 2 ಎಂದರೆ ನಿಮ್ಮ ಕೈಯಿಂದ 10,000 ಡಾಲರ್. ಮಳೆ ನಿಂತ ಮರುದಿನವೇ ಬಾಗಿಲು ತಟ್ಟಿ, ಡಿಡಕ್ಟಿಬಲ್ ನಾವೇ ನೋಡಿಕೊಳ್ಳುತ್ತೇವೆ ಎನ್ನುವ ಛಾವಣಿ ಗುತ್ತಿಗೆದಾರರಿಗೆ ಸಹಿ ಹಾಕಬೇಡಿ. ಕೊಲರಾಡೊದಲ್ಲಿ ಹಾಗೆ ಮನ್ನಾ ಮಾಡುವುದು 2012ರ ಕಾನೂನಿನಂತೆ ನಿಷಿದ್ಧ.

ಸುಂಟರಗಾಳಿಯ ವಾರ್ನಿಂಗ್ ಬಂದರೆ ಬೇಸ್‌ಮೆಂಟಿಗೆ, ಅದಿಲ್ಲದಿದ್ದರೆ ಕೆಳಮಹಡಿಯಲ್ಲಿ ಕಿಟಕಿಯಿಲ್ಲದ ಬಚ್ಚಲುಮನೆಗೆ ಹೋಗುವುದು ನಿಯಮ. ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿರುವವರು ಕೆಳಗಿನ ಮನೆಯವರನ್ನು ಈಗಲೇ ಪರಿಚಯ ಮಾಡಿಕೊಳ್ಳಿ. ಸುಂಟರಗಾಳಿ ಮಧ್ಯಾಹ್ನದ ಮೇಲೆ ಮಾತ್ರ ಎಂಬ ಲೆಕ್ಕವೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. 2008ರ ಮೇ 22ರಂದು ವಿಂಡ್ಸರ್ ಪಟ್ಟಣವನ್ನು ಸುಂಟರಗಾಳಿ ಹೊಕ್ಕದ್ದು ಹಗಲು ಹನ್ನೆರಡು ಗಂಟೆಗೆ ಮೊದಲು.

ಇನ್ನು ಪಿಕ್ನಿಕ್ಕುಗಳು, ಬೆಟ್ಟದ ಪ್ರವಾಸಗಳು. ಪಾರ್ಕಿನ ಶಾಮಿಯಾನವನ್ನು ಉರುಳಿಸಲು ಮಳೆಯೇ ಬೇಕಿಲ್ಲ. ಮೋಡದ ಕೆಳಗೆ ಜಾಲರಿಯಂತೆ ಇಳಿದು ನೆಲ ಮುಟ್ಟುವ ಮೊದಲೇ ಆರಿಹೋಗುವ ಮಳೆ ತಣ್ಣಗಾದ ಗಾಳಿಯನ್ನು ಒಮ್ಮೆಲೇ ಕೆಳಕ್ಕೆ ಒಗೆಯುತ್ತದೆ. ಗುಡುಗು ಕೇಳಿದೊಡನೆ ಎಲ್ಲರೂ ಕಾರಿಗೋ ಕಟ್ಟಡಕ್ಕೋ ಸೇರಿ, ಕೊನೆಯ ಗುಡುಗಿನಿಂದ ಮೂವತ್ತು ನಿಮಿಷ ಹೊರಬರದಿರುವುದು ಇಲ್ಲಿನ ರೂಢಿ. ಜುಲೈನಲ್ಲಿ ಅಮೆರಿಕದ ನೈಋತ್ಯ ಭಾಗದ ಮಾನ್ಸೂನ್ ತೇವ ಬೆಟ್ಟಗಳಿಗೆ ಬಂದ ಮೇಲೆ ಬೆಟ್ಟದ ಊರಾದ ಎಸ್ಟಿಸ್ ಪಾರ್ಕಿಗೆ ಹೋಗುವವರು ಚಾರಣವನ್ನು ನಡುಹಗಲಿಗೆ ಮೊದಲೇ ಮುಗಿಸಿ, ಹೊಳೆಯ ಪಕ್ಕದ ರಸ್ತೆಯಲ್ಲಿ ನೀರು ಏರುವುದು ಕಂಡರೆ ಕಾರನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತಬೇಕು. 1976ರ ಜುಲೈ 31ರ ಸಂಜೆ ಎಸ್ಟಿಸ್ ಪಾರ್ಕಿನ ದಾರಿಯ ಬಿಗ್ ಥಾಂಪ್ಸನ್ ಕಣಿವೆಯಲ್ಲಿ ಒಂದೇ ಕಡೆ ನಿಂತು ಸುರಿದ ಮಳೆಗೆ 140ಕ್ಕೂ ಹೆಚ್ಚು ಜನ ಸತ್ತರು, ಕಾರಿನಲ್ಲೇ ಪ್ರವಾಹವನ್ನು ಮೀರಿ ಓಡಲು ಯತ್ನಿಸಿದವರೂ ಅವರಲ್ಲಿದ್ದರು. ಗುಡ್ಡ ಹತ್ತಿ ಎಂಬ ಫಲಕಗಳು ಆ ರಸ್ತೆಯುದ್ದಕ್ಕೂ ಇವೆ. ಮುಂದಿನ ಸಲ ಹೋದಾಗ ಮಕ್ಕಳಿಗೆ ತೋರಿಸಿ.