‘ಮನೆ’ ಎಂಬ ಮಾತಿನ ಬೇರನ್ನು ಹುಡುಕುವ ಬಗೆ

‘ಮನೆ’ ಎಂಬ ಮಾತಿನ ಅರ್ಥವನ್ನೂ ಮೂಲವನ್ನೂ ತಿಳಿಯಬೇಕೆನ್ನುವವರು ಸಾಮಾನ್ಯವಾಗಿ ಮೊದಲು ನಿಘಂಟನ್ನು ತೆರೆಯುತ್ತಾರೆ. ನನ್ನ ಅನುಭವದಲ್ಲಿ ಅದು ಎರಡನೆಯ ಕೆಲಸ. ಮೊದಲು ನೋಟುಪುಸ್ತಕವೊಂದನ್ನು ಹಿಡಿದು ನಿಮ್ಮ ಊರಿನಲ್ಲೇ ಒಂದು ವಾರ ಕಿವಿಗೊಡಿರಿ. ಆ ಮಾತು ಬಂದ ಇಡೀ ವಾಕ್ಯವನ್ನು ಆಡಿದ ಹಾಗೆಯೇ ಬರೆದುಕೊಳ್ಳಿರಿ. ಒಂಟಿ ಪದವನ್ನಷ್ಟೇ ಗುರುತು ಹಾಕಿಕೊಂಡರೆ ಅರ್ಥ ಕೈಗೆ ಸಿಕ್ಕುವುದಿಲ್ಲ.

ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರನ್ನು, ‘ಈ ಬೀದಿಯಲ್ಲಿ ಎಷ್ಟು ಮನೆ ಇವೆ ಅಜ್ಜಿ?’ ಎಂದು ಕೇಳಿದ್ದೆ. ನಾನು ಎಣಿಸಿದ್ದ ಬಾಗಿಲುಗಳು ಏಳು. ಅಜ್ಜಿ, ‘ಒಂಬತ್ತು ಮನೆ ಕಣಪ್ಪ. ನಮ್ಮನೆಯವರು ಇದ್ದಾಗ ನಾಲ್ಕೇ ಇದ್ದವು’ ಎಂದರು. ಎರಡು ಸೂರುಗಳ ಕೆಳಗೆ ಅಣ್ಣತಮ್ಮಂದಿರು ಬೇರೆಯಾಗಿ, ಒಲೆಯನ್ನೂ ಬೇರೆ ಹೂಡಿಕೊಂಡಿದ್ದರು. ಅಜ್ಜಿ ಎಣಿಸಿದ್ದು ಒಲೆಗಳನ್ನು. ಅದೇ ಉಸಿರಿನಲ್ಲಿ ಬಂದ ‘ನಮ್ಮನೆಯವರು’ ಎಂಬುದಕ್ಕೆ ಗಂಡ ಎಂದರ್ಥ. ಇಷ್ಟು ಚಿಕ್ಕ ಉತ್ತರದಲ್ಲಿ ಎರಡು ಅರ್ಥಗಳು ಕೂಡಿಕೊಂಡಿದ್ದವು; ನಿಘಂಟಿನ ಪುಟದಲ್ಲಿ ಅವು ಹೀಗೆ ಒಟ್ಟಿಗೆ ಕಾಣಸಿಗುವುದು ಅಪರೂಪ.

ಬರೆದುಕೊಂಡದ್ದನ್ನು ಆಮೇಲೆ ಅರ್ಥಕ್ಕೆ ತಕ್ಕಂತೆ ವಿಂಗಡಿಸಿರಿ. ಅಡುಗೆಮನೆ, ಬಚ್ಚಲುಮನೆ, ನಡುಮನೆಗಳಲ್ಲಿ ಅದು ಕೋಣೆ. ಮನೆತನ, ಮನೆದೇವರುಗಳಲ್ಲಿ ವಂಶ. ಚೌಕಾಬಾರದಲ್ಲಿ ಕಾಯಿ ನಡೆಸುವ ಚೌಕ. ಜಾತಕದಲ್ಲಿ ಗ್ರಹ ಕೂರುವ ಸ್ಥಾನ. ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಸಾಕುವ ಕಟ್ಟಡವೂ ಮನೆಯೇ. ಯಾವುದೋ ಒಂದು ಇದ್ದು ನೆಲೆಸುವ ಜಾಗ ಎಂಬ ಎಳೆ ಇವೆಲ್ಲದರಲ್ಲಿಯೂ ಹಾದುಹೋಗಿದೆ.

ಆ ಎಳೆಯನ್ನು ಹಿಡಿದು ಬೇರಿನತ್ತ ಹೋಗುವುದಕ್ಕೆ ಕೋಲಾರ, ಚಿಕ್ಕಬಳ್ಳಾಪುರಗಳಷ್ಟು ಅನುಕೂಲವಾದ ಸೀಮೆ ಇನ್ನೊಂದಿಲ್ಲವೆಂದು ನನಗೆ ಅನ್ನಿಸುತ್ತದೆ. ಬಾಗೇಪಲ್ಲಿಯ ತೆಲುಗು ಮಾತಿನವರು ಮನೆಗೆ ‘ಇಲ್ಲು’ ಎನ್ನುತ್ತಾರೆ, ಕೆ.ಜಿ.ಎಫ್.ನ ತಮಿಳರು ‘ವೀಡು’ ಎನ್ನುತ್ತಾರೆ. ಕನ್ನಡದ ‘ಮನೆ’ಯಾದರೋ ಈ ಎರಡೂ ಭಾಷೆಗಳಲ್ಲಿ ತನ್ನ ಬಂಧುಗಳನ್ನು ಇಟ್ಟುಕೊಂಡಿದೆ. ತಮಿಳಿನಲ್ಲಿ ‘ಮನೈ’ ಎಂದರೆ ಮನೆ, ‘ಮನೈವಿ’ ಎಂದರೆ ಹೆಂಡತಿ, ‘ಮನ್ನು’ ಎಂದರೆ ಸ್ಥಿರವಾಗಿ ನಿಲ್ಲು. ತೆಲುಗಿನಲ್ಲಿ ‘ಮನು’ ಎಂದರೆ ಬಾಳು, ‘ಮನುಗಡ’ ಎಂದರೆ ಬದುಕು. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು (1961, ಪರಿಷ್ಕೃತ ಮುದ್ರಣ 1984) ಇಂಥ ಪದಗಳನ್ನು ಒಂದೇ ಗುಂಪಿನಲ್ಲಿ ಇರಿಸುತ್ತದೆ. ನಮ್ಮ ಇಂದಿನ ಆಡುಮಾತಿನಲ್ಲಿ ಕೇಳಿಬರದ ಈ ‘ಮನ್ನು’, ‘ಮನು’ ಎಂಬ ಕ್ರಿಯಾಪದ ನೆರೆಯವರ ಭಾಷೆಗಳಲ್ಲಿ ಉಳಿದುಕೊಂಡಿದೆ. ‘ವೀಡು’ ಕೂಡ ನಮಗೆ ಹೊರಗಿನದಲ್ಲ: ತಮಿಳಿನಲ್ಲಿ ಪದದ ಮೊದಲಿಗೆ ಬರುವ ವಕಾರ ಕನ್ನಡದಲ್ಲಿ ಸಾಮಾನ್ಯವಾಗಿ ಬಕಾರವಾಗುವುದರಿಂದ ಅದು ನಮ್ಮ ‘ಬೀಡು’.

ಇಲ್ಲಿ ಎಚ್ಚರ ಬೇಕು. ‘ಮನ’ದಿಂದ ಮನೆ ಹುಟ್ಟಿತು ಎಂಬ ವಿವರಣೆ ಕೇಳಲು ಇಂಪಾಗಿದ್ದರೂ ‘ಮನಸ್ಸು’ ಸಂಸ್ಕೃತದಿಂದ ಬಂದದ್ದು, ಮನೆ ದ್ರಾವಿಡ ಮೂಲದ್ದು. ಕೂರುವ ‘ಮಣೆ’ಯೂ ಬೇರೆ ಮಾತು. ‘ಗೃಹ’ ಸಂಸ್ಕೃತದ ಹಿಡಿ ಎಂಬರ್ಥದ ಧಾತುವಿನದು. ನಾವು ಅದನ್ನು ಗೃಹಪ್ರವೇಶದ ಕರೆಯೋಲೆಯಲ್ಲಿ ಅಚ್ಚು ಹಾಕಿಸಿದರೂ ಹಳ್ಳಿಯವರು ‘ಮನೆ ಒಕ್ಕಲು’ ಎಂದೇ ಕರೆಯುತ್ತಾರೆ. ಅರಮನೆಯನ್ನು ಅರಸನ ಮನೆ ಎಂದು ಬಿಡಿಸುವುದು ವಾಡಿಕೆ. ಆದರೆ ತಮಿಳಿನ ‘ಅರಣ್ಮನೈ’ಯಲ್ಲಿ ಕಾವಲು, ಕೋಟೆ ಎಂಬರ್ಥದ ‘ಅರಣ್’ ಇರುವುದನ್ನು ನೋಡಿದ ಮೇಲೆ ನಾನು ಎರಡನ್ನೂ ಪಕ್ಕಪಕ್ಕದಲ್ಲೇ ಬರೆದಿಟ್ಟುಕೊಂಡಿದ್ದೇನೆ. ಒಂದೇ ಉತ್ತರಕ್ಕೆ ಅವಸರಪಡಬೇಡಿರಿ.

ಈಗ ನಿಘಂಟುಗಳ ಸರದಿ. ಕಿಟೆಲ್ ಅವರ 1894ರ ನಿಘಂಟನ್ನೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳನ್ನೂ ನಿಮ್ಮ ಪಟ್ಟಿಯೊಡನೆ ಹೋಲಿಸಿ, ಅವುಗಳಲ್ಲಿ ಇಲ್ಲದ ಪ್ರಯೋಗಕ್ಕೆ ಗುರುತು ಹಾಕಿರಿ; ನಿಮ್ಮ ದುಡಿಮೆಯ ಬೆಲೆ ಇರುವುದು ಅಲ್ಲಿಯೇ. ಹಳೆಯ ಬಳಕೆ ಬೇಕಾದರೆ ರೈಸ್ ಅವರ ಶಾಸನಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವನ್ನು ತೆಗೆಯಿರಿ. ಅದು ಕೋಲಾರ ಜಿಲ್ಲೆಯದಾದರೂ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆದ್ದರಿಂದ ಅಲ್ಲಿನ ಊರುಗಳ ಶಾಸನಗಳೂ ಅದರಲ್ಲೇ ಸೇರಿವೆ. ಕನ್ನಡ ಶಾಸನಗಳಲ್ಲಿ ಅರಮನೆಯ ಮೇಲ್ವಿಚಾರಕ ‘ಮನೆವೆರ್ಗಡೆ’ಯಾಗಿಯೂ ಮನೆಯ ಮೇಲಿನ ತೆರಿಗೆ ‘ಮನೆದೆರೆ’ಯಾಗಿಯೂ ಕಾಣಿಸಿಕೊಳ್ಳುತ್ತವೆ. ಮನೆದೆರೆ ಎಂಬ ಮಾತು ಎದುರಾದಾಗ ಅಲ್ಲಿಗೇ ನಿಲ್ಲದೆ, ಆ ತೆರಿಗೆ ಬಿದ್ದದ್ದು ಬಾಗಿಲಿಗೋ ಒಲೆಗೋ ಎಂದು ಹಿಂದುಮುಂದಿನ ಸಾಲುಗಳಲ್ಲಿ ಹುಡುಕಿರಿ.