ಹಿನ್ನೀರಿನ ಕಟ್ಲಾದಾಗ ವಿಯೆಟ್ನಾಂ ಹುಳಿ ಮೀನಸಾರು, ನಾ ಮಾಡೂದು ಹಿಂಗ

ಕಟ್ಲಾ ಕೆಸರ ನಾತಾ ಹೊಡೀತೈತಿ, ಸೂಪ್ ಅಂದ್ರ ಸಮುದ್ರದ ಪಾಪ್ಲೇಟ್ (ಪಾಂಫ್ರೆಟ್) ಬೇಕು ಅಂತ ನಮ್ಮ ದೋಸ್ತರೆಲ್ಲಾ ಗಂಟು ಬಿದ್ದಿದ್ರು. ಪಾಪ್ಲೇಟ್ ಬಾಗಲಕೋಟಿಗೆ ಬರೂದ್ರಾಗ ಐಸಿನ್ಯಾಗ ಎಷ್ಟ ದಿನಾ ಬಿದ್ದಿತ್ತೋ ಏನೋ, ರೇಟ್ ಕೇಳಿದ್ರಂತೂ ಎದಿ ಝಲ್ ಅಂತೈತಿ. ವಿಯೆಟ್ನಾಂ ದಕ್ಷಿಣದಾಗ ಮೆಕಾಂಗ್ ಹೊಳಿ ಸುತ್ತ ಇರೂ ಮಂದಿ ಈ ಹುಳಿ ಸಾರು, ಅವ್ರ ಮಾತಿನ್ಯಾಗ ಕಾನ್ ಚುವಾ, ಮಾಡೂದು ಹೆಚ್ಚಾಗಿ ಹೊಳಿ ಮೀನದಾಗನ. ಹಾಕೂದು ಹುಣಸಿಹಣ್ಣು, ಟೊಮೆಟೊ, ಬೆಂಡಿಕಾಯಿ, ಅನಾನಸ್, ಹೆಸರಕಾಳಿನ ಮೊಳಕಿ. ಹಂಗಿದ್ರ ಆಲಮಟ್ಟಿ ಹಿನ್ನೀರಿನ ಕಟ್ಲಾ ಏನ್ ಪಾಪ ಮಾಡೇತಿ? ಈಗ ಅದೇ ದೋಸ್ತರು ಐತಾರ ಬಂತಂದ್ರ ಫೋನ್ ಮಾಡಿ ಸಾರು ಐತೇನಪಾ ಅಂತ ಕೇಳ್ತಾರ.

ಎಲ್ಲಾ ಆಟ ಆ ನಾತಾ ತೆಗಿಯೂದ್ರಾಗ ಐತಿ. ಹೊಟ್ಟಿ ಒಳಗಿನ ಕರಿ ಪೊರಿ, ತೊಗಲಿನ ಕೆಳಗಿನ ಕೆಂಪ ಮಾಂಸದ ಪಟ್ಟಿ, ತಲ್ಯಾಗಿನ ಕಿವಿರು, ಮೂರೂ ಹೋಗಬೇಕು. ಕಿವಿರು ಉಳೀತಂದ್ರ ಸಾರು ಕಹಿ. ಮಾರಾವ್ರು ತಾವಾಗೇ ತೆಗ್ಯೂದಿಲ್ಲ, ನಿಂತು ಹೇಳಿ ಮಾಡಿಸ್ಕೋಬೇಕು. ಆಮ್ಯಾಲ ಉಪ್ಪು, ಹುಣಸಿ ನೀರು ಹಾಕಿ ತಿಕ್ಕಿ ತೊಳೀರಿ. ಮಜ್ಜಿಗ್ಯಾಗ ನೆನಸಿ ನೋಡಿದೆ, ನಾತಾ ಹೋತು ಖರೆ, ಸಾರು ಮಾತ್ರ ಒಡದ ಹಾಲಿನಂಗ ಆತು. ತೊಳಿಯೂ ಮೊದಲ ಒಂದು ಹಿಟ್ಟು ಸವರ್ತೀನಿ, ಯಾವ ಹಿಟ್ಟು ಅಂತ ಕೇಳಬ್ಯಾಡ್ರಿ, ನಿಮ್ಮ ಮನಿ ಡಬ್ಬ್ಯಾಗೂ ಐತಿ.

ಸಾರಿನ ನೀರಿಗೆ ತಲಿ, ಮುಳ್ಳು ಬ್ಯಾರೆ ತಗೊಂಡ್ರ ಕಿಲೋಕ್ಕ 80-100 ರೂಪಾಯಿ ಒಳಗ ಸಿಗ್ತಾವು, ಮಾಂಸದ ತುಂಡು ಕಿಲೋಕ್ಕ 200ರ ಹತ್ರ ಆಗ್ತೈತಿ. ತಲಿ ತಣ್ಣೀರಾಗ ಇಟ್ಟು ಸಣ್ಣ ಉರಿ ಮ್ಯಾಲ ಒಂದ 25 ನಿಮಿಷ, ನೊರಿ ತೆಗೀತಾ ಇರಬೇಕು, ಕುದಿಯಾಕ ಬಿಡಬಾರ್ದು. ಗ್ಯಾಸ್ ಉಳಿಸೂ ಆಸೇಕ ಕುಕ್ಕರಿನ್ಯಾಗ ಎರಡ ಸೀಟಿ ಹೊಡಿಸಿದ್ರ ರಾಡಿ ನೀರು ಬರ್ತೈತಿ, ಅದನ್ನ ಬೆಕ್ಕೂ ಮೂಸಲಿಲ್ಲ. ಚಹಾದಾಗ ಹಾಕೂ ಲೆಮನ್ ಗ್ರಾಸ್ ದಂಟು ಜಜ್ಜಿ ಈ ತಲಿ ನೀರಾಗ ಬಿಡ್ತೀನಿ. ವಿಯೆಟ್ನಾಂದಾಗ ಎಲ್ಲಾರೂ ಹಾಕೂದಿಲ್ಲ, ನಾ ಹಾಕ್ತೀನಿ. ನರ್ಸರ್‍ಯಾಗ ಒಂದ ಸಸಿ 30 ರೂಪಾಯಿಗೆ ತಂದಿದ್ದೆ, ಈಗ ಹಿತ್ತಲ ತುಂಬ ಅದೇ ಐತಿ.

ಫಿಶ್ ಸಾಸ್ ಮಾತ್ರ ದುಬಾರಿ. ಸಣ್ಣ ಬಾಟ್ಲಿಗೆ 300ರ ಆಸುಪಾಸು, ಆನ್‌ಲೈನ್‌ದಾಗ ತರಿಸಬೇಕು. ಮೀನು ಉಪ್ಪಿನ್ಯಾಗ ತಿಂಗಳಗಟ್ಟಲೆ ಕೊಳಿಸಿದ ರಸ ಅದು, ಮುಚ್ಚಳ ತೆಗದ ಕೂಡ್ಲೆ ನಮ್ಮ ವೈನಿ ಹೊರಗ ಒಯ್ದ ಇಡೋ ಅದನ್ನ ಅಂದ್ರು. ರೊಕ್ಕ ಉಳೀತೈತಿ ಅಂತ ಒಣ ಸೀಗಡಿ ಹುರದು ಕುದಿಸಿ ಸೋಸಿ ಹಾಕಿ ನೋಡಿದೆ, ರುಚಿ ಚಲೋ, ಆದ್ರ ಅದು ಬ್ಯಾರೆ ಸಾರು. ಸಾಸ್ ಎರಡ ಚಮಚ ಸಾಕು, ಬಾಟ್ಲಿ ನಾಕೈದ ತಿಂಗಳ ಬರ್ತೈತಿ. ಬೆಳಗಾವ್ಯಾಗ ಒಂದ ಹೋಟೆಲ್‌ದಾಗ ಇಂಥಾದ್ದ ಒಂದ ಬಟ್ಟಲಕ್ಕ 250 ತಗೊಂಡ್ರು, ಒಳಗ ಮೀನ ಹುಡುಕಬೇಕಾತು. ನಮ್ಮನ್ಯಾಗ ಐದ ಮಂದಿಗೆ ಒಟ್ಟ 400ರಾಗ ಮುಗೀತೈತಿ.

ಹಸಿ ಅನಾನಸ್ ಮೀನಿನ ಕೂಡ ಮೊದಲ ಕಲಸಿ ಇಟ್ರ ಮೀನು ಮೆತ್ತಗ ಹಿಟ್ಟಾಗ್ತೈತಿ, ಅರ್ಧ ಕಿಲೋ ಹಂಗ ಹೋತು. ಅನಾನಸ್ ಸಾರಿನ್ಯಾಗ ಕುದ್ದ ಮ್ಯಾಲ ಮೀನು ಬಿಡೂದು. ವಿಯೆಟ್ನಾಂದಾಗ ಒಂದು ಜಾತಿ ಕೆಸುವಿನ ದಂಟು ಹಾಕ್ತಾರ, ಇಲ್ಲಿ ಸಿಕ್ಕಿದ್ದನ್ನ ಹಾಕಿದ್ರ ಗಂಟಲ ಕೆರೀತೈತಿ, ಬಿಟ್ಟ ಬಿಡ್ರಿ. ಮೊಳಕಿಗೆ ಮಡಕಿಕಾಳು ಹಾಕಿದ್ರ ಉಸಳಿ ತಿಂದಂಗ ಆಗ್ತೈತಿ. ಅವ್ರ ಗದ್ದಿ ಸೊಪ್ಪು ಒಂದು ಐತಿ, ಜೀರಿಗಿ, ಲಿಂಬಿ ಎರಡೂ ಕೂಡಿದ ವಾಸನಿ. ಸಿಗೂದಿಲ್ಲ, ಅದಕ್ಕ ಇಂಡಿ ಊರಿನ ಲಿಂಬಿ ಸಿಪ್ಪಿ ತುರದು ಚಿಟಿಕಿ ಜೀರಿಗಿ ಪುಡಿ ಕೂಡಿಸ್ತೀನಿ, ಕೊತ್ತಂಬರಿ ಬೇರು ಜಜ್ಜಿ ಹಾಕ್ತೀನಿ.

ಹುಣಸಿ ರಸ, ಬೆಲ್ಲ, ಸಾಸ್ ಹಾಕಿ ರುಚಿ ಕೂಡಿಸಿದ ಮ್ಯಾಲ ತುಂಡು ಬಿಡ್ರಿ, ಆರೇಳ ನಿಮಿಷ ಸಾಕು, ಸೌಟು ಆಡಿಸಬ್ಯಾಡ್ರಿ. ಬೆಂಡಿಕಾಯಿ ಓರಿಯಾಗಿ ಕೊಯ್ದದ್ದು ಕಡೀಕ, ಮೊಳಕಿ ಗ್ಯಾಸ್ ಬಂದ್ ಮಾಡಿದ ಮ್ಯಾಲ. ಮ್ಯಾಲ ಕೆಂಪಗ ಹುರದ ಬೆಳ್ಳುಳ್ಳಿ ಎಣ್ಣಿ ಸಮೇತ. ಅನ್ನದ ಕೂಡ ಉಣ್ಣೂದು ಇದು, ನಮ್ಮ ಕಾಕಾ ಮಾತ್ರ ಜ್ವಾಳದ ರೊಟ್ಟಿ ಮುರದು ಹಾಕ್ಕೊಂಡೇ ತಿಂತಾನ. ಮುಂದಿನ ಸಲ ಮುರ್‍ರೆಲ್ ಮೀನು ಸಿಕ್ರ ಅದರಾಗ ಮಾಡಬೇಕಂತ ಐತಿ, ಮುಳ್ಳು ಕಡಿಮಿ.