ಹೊಲದಲ್ಲಿ ದುಡಿಯುವ, ಹಾಲುಣಿಸುವ ತಾಯಿಯ ಊಟವನ್ನು ಹೊಂದಿಸುವ ಬಗೆ

ಮೊದಲ ಆರು ತಿಂಗಳು ಎದೆಹಾಲನ್ನಷ್ಟೇ ಕುಡಿಯುವ ಮಗುವಿಗೆ ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಬೇಕಾಗುವುದರಿಂದ, ತಾಯಿಗೆ ಎಂದಿನ ಊಟಕ್ಕಿಂತ ಸುಮಾರು 500 ಕಿಲೋಕ್ಯಾಲೊರಿ ಹೆಚ್ಚು ಬೇಕು. ಕಳೆ ಕೀಳುವ, ಕೊಯ್ಲು ಮಾಡುವ ದಿನಗಳಲ್ಲಿ ಇನ್ನೂ ಹೆಚ್ಚು. ಅದನ್ನು ಒಂದೇ ಹೊತ್ತಿಗೆ ಉಣ್ಣಿಸದೆ, ಮೂರು ಊಟಗಳ ನಡುವೆ ಎರಡು ಸಣ್ಣ ಊಟಗಳಾಗಿ ಹಂಚಿ, ಒಂದನ್ನು ಬುತ್ತಿ ಕಟ್ಟಿಕೊಡಬೇಕು. ಎಲ್ಲರೂ ಉಂಡ ಮೇಲೆ ಉಳಿದದ್ದು ತಾಯಿಗೆ ಎಂಬ ಪಾಡಿರುವ ಮನೆಯಲ್ಲಿ ಯಾವ ಪಟ್ಟಿಯೂ ಉಪಯೋಗಕ್ಕೆ ಬಾರದು. ಅಡುಗೆ ಇಳಿಸಿದೊಡನೆ ಆಕೆಯ ಪಾಲನ್ನು ತೆಗೆದಿಡುವುದೇ ಮೊದಲ ಕೆಲಸ.

ಧಾನ್ಯದಿಂದ ಹೊಟ್ಟೆ ತುಂಬೀತು, ಪೋಷಣೆ ಸಾಲದು. ತಾಯಿಯ ಆಹಾರದಲ್ಲಿ ಎ ಮತ್ತು ಬಿ12 ಜೀವಸತ್ವಗಳು ಹಾಗೂ ಅಯೋಡಿನ್ ಕಡಿಮೆಯಾದರೆ ಹಾಲಿನಲ್ಲಿಯೂ ಕಡಿಮೆಯಾಗುತ್ತವೆ. ಕ್ಯಾಲ್ಸಿಯಂ ಹಾಗಲ್ಲ, ಅದನ್ನು ದೇಹವು ತಾಯಿಯ ಮೂಳೆಯಿಂದಲೇ ಎಳೆದುಕೊಳ್ಳುತ್ತದೆ. ಆದ್ದರಿಂದ ಬೇಳೆಕಾಳು, ಹಸಿರು ಸೊಪ್ಪು, ಕಿತ್ತಳೆ ಬಣ್ಣದ ತರಕಾರಿ, ಅಯೋಡಿನ್‌ಯುಕ್ತ ಉಪ್ಪು, ಜೊತೆಗೆ ಹಾಲು, ಮೊಟ್ಟೆ ಅಥವಾ ಮೀನು ದಿನವೂ ಇರಲಿ. ಪ್ರಾಣಿಜನ್ಯ ಆಹಾರವನ್ನು ಮುಟ್ಟದವರು ಬಿ12 ಮಾತ್ರೆಯ ಕುರಿತು ವೈದ್ಯರನ್ನು ಕೇಳಬೇಕು. ಬೇಯಿಸಿದ ಕಾಳಿನ ಮೇಲೆ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಊಟದೊಡನೆ ಕುಡಿಯುವ ಚಹಾ ಅದನ್ನೇ ತಡೆಯುತ್ತದೆ.

ನೀರು ಬಾಯಾರಿಕೆಗೆ ತಕ್ಕಷ್ಟು ಸಾಕು, ಆದರೆ ಬಿಸಿಲಿಗೆ ಹೊರಟಾಗ ಶುದ್ಧ ನೀರು ಕೈಯಲ್ಲಿರಲಿ. ಕೀಟನಾಶಕ ಸಿಂಪಡಿಸಿದ ಹೊಲದಿಂದ ಬಂದವರು ಕೈ, ಎದೆ ತೊಳೆದು, ಸೀರೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು.